ಕದಲದ ಗೆರೆ

ಶಸ್ತ್ರಚಿಕಿತ್ಸೆಯ ಮರುದಿನ ವಾರ್ತಾವಾಚಕಿ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ತಂಗಿಯ ಕೈ ಹಿಡಿದು ಅತ್ತಳು. ಮೆದುಳಿನ ಗೆಡ್ಡೆ ಅರ್ಧ ಹಾಗೇ ಇತ್ತು. ಕತ್ತರಿ ಬಿದ್ದದ್ದು ಪಕ್ಕದ ಮಾತಿನ ಭಾಗಕ್ಕೆ.

ತಂಗಿ ದೂರು ಕೊಟ್ಟಳು. ತನಿಖೆಗೆ ಬಂದ ಇನ್‌ಸ್ಪೆಕ್ಟರಮ್ಮನಿಗೆ ಮುಖ್ಯ ಸರ್ಜನ್ ಕುರ್ಚಿ ತೋರಿಸಿದ. ಗೋಡೆ ತುಂಬ ಅವನವೇ ಫೋಟೋಗಳು. ಒಂದರಲ್ಲೂ ರೋಗಿ ಇರಲಿಲ್ಲ.

“ಕಂಪ್ಯೂಟರ್ ತೋರಿಸಿದ ಕಡೆ ಕೈಯಿಟ್ಟೆ. ಎಡವಟ್ಟು ಆ ಎಂಜಿನಿಯರ್ ಹುಡುಗೀದು. ಬುರುಡೆ ತೆರೆದ ಮೇಲೆ ಅವಳೇ ಪರದೆ ಮುಂದೆ ನಿಂತು ಗೆಡ್ಡೆಗೆ ಗೆರೆ ಎಳೆದ್ಲು. ಕಣ್ಣಾರೆ ನೋಡಿದೀನಿ. ನಿಮಗಿದೆಲ್ಲ ಅರ್ಥ ಆಗಲ್ಲ ಬಿಡಿ.”

“ಆದಷ್ಟು ಆಗ್ಲಿ,” ಎಂದು ಇನ್‌ಸ್ಪೆಕ್ಟರ್ ಎದ್ದಳು.

* * *

ಕಂಪ್ಯೂಟರಿನಲ್ಲಿದ್ದದ್ದು ಎಂಜಿನಿಯರ್ ಹುಡುಗಿಯ ಲಾಗಿನ್ನೇ. ಆಡಳಿತ ಮಂಡಳಿ ಆಗಲೇ ಅವಳನ್ನು ಅಮಾನತು ಮಾಡಿತ್ತು. ಬಡಪಾಯಿಗಳ ವಿಷಯದಲ್ಲಿ ಮಂಡಳಿಗೆ ಎಲ್ಲಿಲ್ಲದ ಚುರುಕು.

“ಬುರುಡೆ ತೆರೆದ ಕೂಡ್ಲೇ ಮೆದುಳು ಸ್ವಲ್ಪ ಕುಸಿಯುತ್ತೆ ಮೇಡಂ,” ಎಂದಳು ಅವಳು. “ಮೊದಲು ತೆಗೆದ ಎಂಆರ್‌ಐ ಆಗ ಹೊಂದಲ್ಲ. ಅದಕ್ಕೇ ಅಲ್ಲೇ ಹೊಸ ಸ್ಕ್ಯಾನ್ ತೆಗೆದು, ಎರಡರಲ್ಲೂ ಗೆಡ್ಡೆಯ ಅಂಚು ಗುರುತಿಸ್ತೀವಿ. ಅಂಚಿಗೆ ಅಂಚು ಕೂಡಿಸಿದ್ರೆ ಹಳೇ ಚಿತ್ರ ಸರಿಯಾದ ಜಾಗಕ್ಕೆ ಬರುತ್ತೆ.”

“ಹೊಸ ಅಂಚು ಗುರುತಿಸಿದ್ದು ನೀನೇನಾ?”

“ಇಲ್ಲ. ಕೆಳಗೆ ಸಭಾಂಗಣದಲ್ಲಿ ಅತಿಥಿ ವೈದ್ಯರು ಆಪರೇಷನ್ ನೇರಪ್ರಸಾರ ನೋಡ್ತಿದ್ರು. ಅವರಿಗೆ ವಿವರಿಸು, ಬೇಕಾದಾಗ ಕರೀತೀನಿ ಅಂತ ಸರ್ ಕಳಿಸಿದ್ರು. ಕರೀಲೇ ಇಲ್ಲ.”

“ಎರಡೂ ಗೆರೆ ಒಂದರ ಮೇಲೊಂದು ಇಡು.”

ಇಟ್ಟಳು. ಪರದೆಯ ಮೇಲೆ ಕಂಡದ್ದು ಒಂದೇ ಗೆರೆ.

“ಇನ್ನೊಂದೆಲ್ಲಿ?”

“ಇದರ ಕೆಳಗೇ ಇದೆ.” ಹುಡುಗಿ ಮೇಲಿನ ಗೆರೆಯನ್ನು ಪಕ್ಕಕ್ಕೆ ಸರಿಸಿ ತೋರಿಸಿದಳು. “ಯಾರೋ ಹಳೇದನ್ನೇ ತಂದು ಅಂಟಿಸಿದಾರೆ.”

* * *

ಮಂಡಳಿಯವರನ್ನೂ ತಂಗಿಯನ್ನೂ ಕೂರಿಸಿಕೊಂಡು ಇನ್‌ಸ್ಪೆಕ್ಟರ್ ಸರ್ಜನ್ ಕಡೆ ತಿರುಗಿದಳು.

“ಮೆದುಳು ಕುಸಿದಿದೆ, ಗೆರೆ ಕೂದಲೆಳೆಯಷ್ಟೂ ಕದಲಿಲ್ಲ. ಅಂದ್ರೆ ಅದು ನಕಲು. ನೀವು ಕಣ್ಣಾರೆ ನೋಡಿದೆ ಅಂದ ಹೊತ್ತಲ್ಲಿ ಆ ಹುಡುಗಿ ಕೆಳಗೆ ಮೈಕ್ ಹಿಡಿದು ಮಾತಾಡ್ತಿದ್ಲು. ಇಡೀ ಸಭೆ ಸಾಕ್ಷಿ. ಸುಳ್ಳು ಯಾಕೆ ಹೇಳಿದ್ರಿ? ಲಾಗಿನ್ ತೆರೆದೇ ಇತ್ತು. ಟಚ್‌ಸ್ಕ್ರೀನ್ ನಿಮ್ಮ ಕೈಯಳತೆಯಲ್ಲಿತ್ತು. ‘ಅವಳು ಬರಲಿ ಸರ್’ ಅಂದ ಸಹಾಯಕ ವೈದ್ಯನ್ನ ಗದರಿಸಿ ಬಾಯಿ ಮುಚ್ಚಿಸಿದ್ರಿ. ಹಳೇ ಗೆರೆ ಅಂಟಿಸಿದ್ದು ನೀವೇ ಅಂತ ಈಗವನು ಬಾಯಿಬಿಟ್ಟಿದಾನೆ.”

ಸರ್ಜನ್ ಟೈ ಸರಿಮಾಡಿಕೊಂಡ. ಆ ಹೊತ್ತಿಗೂ ಅವನಿಗೆ ಟೈ ಚಿಂತೆ.

“ಅಷ್ಟು ದೊಡ್ಡ ದೊಡ್ಡೋರು ನೋಡ್ತಿರುವಾಗ ಕೈಕಟ್ಟಿಕೊಂಡು ಕಾಯೋಕಾಗುತ್ತಾ? ನಂಗೂ ಒಂದು ಮರ್ಯಾದೆ ಇದೆ!”

ಕಾನ್‌ಸ್ಟೇಬಲ್ ಅವನ ತೋಳು ಹಿಡಿದ. ತಂಗಿ ಎದ್ದು ನಿಂತಳು.

“ನಮ್ಮಕ್ಕ ಬೆಳಗಿಂದ ‘ನೀರು’ ಅನ್ನೋಕೆ ಒದ್ದಾಡ್ತಿದಾಳೆ. ಎದುರಿಗೆ ಕೂತು ಕಾದೆ. ನನ್ನ ಮರ್ಯಾದೆ ಏನೂ ಹೋಗ್ಲಿಲ್ಲ ಡಾಕ್ಟ್ರೇ.”