ಮುಸುಕಪ್ಪ ತೋರಿಸಿದ ಮನೆ

"ಏನು ಕಳುವಾಗಿದೆ?"

"ಹೇಳಂಗಿಲ್ಲ ಸಾರ್."

ಸಬ್ ಇನ್ಸ್‌ಪೆಕ್ಟರ್ ಹನುಮಂತಯ್ಯ ಪೆನ್ನು ಕೆಳಗಿಟ್ಟರು. ಎದುರಿಗೆ ನಿಂತಿದ್ದವನು ಪೂಜಾರಿ ಪಾಲಯ್ಯ. ಶ್ರೀರಾಂಪುರದಾಚೆಯ ಕುರಿಗಾಹಿಗಳ ಹಟ್ಟಿಯಿಂದ ಮೊದಲ ಬಸ್ಸಿಗೇ ಬಂದಿದ್ದ. ದೇವರ ಗುಡಿಸಲಿನ ಬೀಗ ಒಡೆದಿದೆ, ದೇವರು ಅಲ್ಲೇ ಇದೆ, ಮುಸುಕಿನ ಒಳಗಿದ್ದ ದೇವರ ಸಾಮಾನು ಹೋಗಿದೆ. ಇಷ್ಟೇ ದೂರು.

"ಏನು ಹೋಯ್ತು ಅಂತ ಹೇಳದಿದ್ರೆ ನಾನು ಏನನ್ನ ಹುಡುಕಲಿ?"

"ನಮ್ಮ ದೇವ್ರು ಮುಸುಕಪ್ಪ ಸಾರ್. ಮುಸುಕಿನ ಒಳಗೆ ಏನೈತೆ ಅಂತ ಪೂಜಾರಿ ಒಬ್ನೇ ನೋಡ್ಬೇಕು. ಬಾಯಿ ಬಿಡಂಗಿಲ್ಲ. ನನ್ನ ಮಗಂಗೂ ಹೇಳಿಲ್ಲ. ಸಾಯೋ ಹೊತ್ನಾಗೆ ಹೇಳ್ತೀನಿ."

ಅದು 1986. ಚಿತ್ರದುರ್ಗದ ಒಂದು ಪತ್ರಿಕೆಗೆ ಸುದ್ದಿ ಹೊಂದಿಸಲು ಠಾಣೆಯ ಬೆಂಚಿನಲ್ಲಿ ಕೂತಿದ್ದ ನಾನು ಪಕ್ಕನೆ ನಕ್ಕೆ. ಹನುಮಂತಯ್ಯ ನಗಲಿಲ್ಲ.

ಹಟ್ಟಿಯವರ ಅನುಮಾನ ಒಬ್ಬ ಪಾತ್ರೆ ವ್ಯಾಪಾರಿಯ ಮೇಲಿತ್ತು. ಆ ವಾರ ಬೇವಿನ ಮರದಡಿ ಠಿಕಾಣಿ ಹೂಡಿದ್ದನಂತೆ. ಸುದ್ದಿಗಾಗಿ ನಾನೂ ಹನುಮಂತಯ್ಯನವರ ಜೀಪು ಹತ್ತಿದೆ. ವ್ಯಾಪಾರಿ ಹೊಳಲ್ಕೆರೆ ಸಂತೆಯಲ್ಲಿ ಸಿಕ್ಕ. ಮೂಟೆ ಬಿಚ್ಚಿಸಿದರೆ ಬರೀ ಅಲ್ಯುಮಿನಿಯಂ ಬೋಗುಣಿಗಳು. ಕಳುವಿನ ಹಿಂದಿನ ದಿನವೇ ಜ್ವರ ಬಂದು ಅಲ್ಲಿನ ಛತ್ರದಲ್ಲಿ ಮಲಗಿದ್ದ. ಛತ್ರದವರೂ ಹೌದೆಂದರು. ಪರವೂರಿನವನು ಎಂಬುದೊಂದೇ ಅವನ ತಪ್ಪು.

* * *

ನಾವು ಹೊಳಲ್ಕೆರೆಯಲ್ಲಿ ಅಲೆಯುತ್ತಿದ್ದಾಗ ಹಟ್ಟಿಯವರು ಸುಮ್ಮನೆ ಕೂರಲಿಲ್ಲ. ದೇವರನ್ನೇ ಕೇಳಿದರು.

ಮುಸುಕಪ್ಪನನ್ನು ಕರಿ ಕಂಬಳಿಯಲ್ಲಿ ಮುಚ್ಚಿ, ಬಿದಿರು ಗಳಕ್ಕೆ ಕಟ್ಟಿ, ಇಬ್ಬರು ಹೆಗಲ ಮೇಲೆ ಹೊತ್ತು ನಿಲ್ಲುತ್ತಾರೆ. ಹಟ್ಟಿಯ ಯಜಮಾನ ನಿಂಗಪ್ಪ ಒಂದೊಂದೇ ಮನೆಯ ಹೆಸರು ಕೂಗುತ್ತಾನೆ. ದೇವರು ಮುಂದಕ್ಕೆ ಬಂದರೆ ಹೌದು, ಹಿಂದಕ್ಕೆ ಸರಿದರೆ ಅಲ್ಲ. ಜುಂಜಮ್ಮನ ಹೆಸರು ಕೂಗಿದ್ದೇ ತಡ, ದೇವರು ಅವಳ ಮನೆಗೆ ನುಗ್ಗಿತು. ಹಿತ್ತಲಿನ ಹುಲ್ಲಿನ ಬಣವೆಗೆ ಹೋಗಿ ಹಾಯಿತು.

ಜುಂಜಮ್ಮ ನಿಂಗಪ್ಪನ ತಮ್ಮನ ಹೆಂಡತಿ. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಒಂದು ಕುರಿ ಮಂದೆ, ಒಂದಿಷ್ಟು ಹೊಲ ಇತ್ತು. ಹೋದ ತಿಂಗಳಷ್ಟೇ ಆ ಹೊಲದ ಬೋರಿನಲ್ಲಿ ನೀರು ಬಿದ್ದಿತ್ತು.

ನಾವು ತಲುಪುವಷ್ಟರಲ್ಲಿ ತೀರ್ಪು ಮುಗಿದಿತ್ತು. ನಾಳೆ ಹೊತ್ತು ಮುಳುಗುವುದರೊಳಗೆ ಜುಂಜಮ್ಮ ಹಟ್ಟಿ ಬಿಡಬೇಕು. ಹೊಲ ಬಾವನ ಪಾಲಿಗೆ. ಅವಳ ಬಾಗಿಲಿಗೆ ಆಗಲೇ ಮುಳ್ಳು ಬಡಿದಿದ್ದರು. ನನಗೆ ಮೈಯೆಲ್ಲ ಉರಿಯಿತು.

ದೇವರನ್ನು ಹೊತ್ತಿದ್ದ ಪಾಪಣ್ಣನನ್ನು ಹನುಮಂತಯ್ಯ ಕೇಳಿದರು. "ಏನಾಯ್ತು ಹೇಳು."

"ಬಣವೆ ತಾವ ದೇವ್ರು ನಿಂತ್ಕಂತು ಸಾರ್. ನಿಂಗಪ್ಪ ಕೈ ಹಾಕಿ ಒಂದು ಗಂಟು ಎಳ್ದ. 'ದೇವ್ರ ಕಣ್ಣು ಸಿಕ್ಕಿದ್ವು' ಅಂತ ಕೂಗ್ದ. ಪಾಲಯ್ಯ ಗಂಟು ಬಿಚ್ಚದೇನೇ ಕಂಬಳ್ಯಾಗೆ ಮುಚ್ಕಂಡು ಒಳಕ್ಕೆ ಹೋದ. ಹೊರಕ್ಕೆ ಬಂದು, ಹೂಂ, ದೇವ್ರ ಸಾಮಾನೇ ಅಂದ."

"ನೀನು ಬೇಕಂತ ಆ ಕಡೆ ನಡೆದ್ಯಾ?"

"ಮುಸುಕಪ್ಪನ ಆಣೆಗೂ ಇಲ್ಲ. ಕಾಲು ತಾನೇ ಹೋತು."

"ಅದಕ್ಕೆ ಮುಂಚೆ ಜುಂಜಮ್ಮನ ಮಾತು ಯಾರಾದ್ರೂ ಎತ್ತಿದ್ರಾ?"

"ನಿಂಗಪ್ಪ ಎರಡು ದಿನದಿಂದ ಅದನ್ನೇ ಅಂತಿದ್ದ ಸಾರ್. ಅವಳ ಮೇಲೇ ಅನುಮಾನ, ಬಣವೆ ತಾವ ಓಡಾಡ್ತಿದ್ಲು ಅಂತ."

ಮುಳ್ಳಿನ ಮುಂದೆ ಕೂತಿದ್ದ ಜುಂಜಮ್ಮ ಎದ್ದು ಬಂದಳು. ಅವಳ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

"ದೇವ್ರು ಬಂತು, ದೇವ್ರು ಬಂತು ಅಂತಾರಲ್ಲ ಸಾರ್, ದೇವ್ರಿಗೆ ಕಾಲು ಐತಾ? ಬಂದಿದ್ದು ಇವ್ರ ಕಾಲು. ಹೋಗೋದು ಮಾತ್ರ ನನ್ನ ಹೊಲ!"

* * *

ಹನುಮಂತಯ್ಯ ಜೀಪನ್ನು ಶ್ರೀರಾಂಪುರದ ಕಡೆ ತಿರುಗಿಸಿದರು. ಅವರು ಅಂಚೆ ಶಿಕ್ಷಣದಲ್ಲಿ ಇತಿಹಾಸದ ಎಂ.ಎ. ಕಟ್ಟಿದ್ದರು. ಪಾಠದ ಪುಸ್ತಕ ಸದಾ ಸೀಟಿನ ಕೆಳಗೆ ಬಿದ್ದಿರುತ್ತಿತ್ತು.

"ಹಳೇ ಈಜಿಪ್ಟಿನಲ್ಲಿ ಅಮುನ್ ಅಂತ ಒಬ್ಬ ದೇವರಿದ್ದ ಕಣ್ರೀ," ಎಂದರು ಇದ್ದಕ್ಕಿದ್ದಂತೆ. "ಆ ಹೆಸರಿನ ಅರ್ಥವೇ ಮರೆಯಲ್ಲಿರುವವನು ಅಂತ. ಅವನ ನಿಜವಾದ ರೂಪ ಬೇರೆ ದೇವರುಗಳಿಗೂ ಗೊತ್ತಿಲ್ಲ ಅಂತ ಹಾಡುತ್ತಿದ್ದರು. ಮೂರ್ತಿ ಕತ್ತಲ ಕೋಣೆಯಲ್ಲಿ. ಬಾಗಿಲು ತೆಗೆಯೋನು ಪೂಜಾರಿ. ಹಬ್ಬಕ್ಕೆ ಹೊರಗೆ ತಂದರೂ ಮುಸುಕು ಹಾಕಿ, ಹೆಗಲ ಮೇಲೆ ಹೊತ್ತು ತರೋರು."

"ನಮ್ಮ ಮುಸುಕಪ್ಪನ ಹಾಗೆ!"

"ಪೂರ್ತಿ ಕೇಳಿ. ಒಬ್ಬನ ಬಟ್ಟೆ ಕಳುವಾಯ್ತು. ಅಮುನ್ ಮುಂದೆ ಊರಿನವರ ಹೆಸರು ಓದಿದರು. ಒಬ್ಬ ರೈತನ ಹೆಸರಿಗೆ ದೇವರು ಹೂಂ ಅಂತು. ಆತ ನಾನಲ್ಲ ಅಂದ. ಬೇರೆ ಊರಿನ ಅಮುನ್ ಹತ್ತಿರ ಹೋದ. ಅಲ್ಲೂ ಅವನ ಹೆಸರೇ ಬಂತು. ಕೊನೆಗೆ ಹೊಡೆದ ಮೇಲೆ ಒಪ್ಪಿಕೊಂಡನಂತೆ."

"ಹಾಗಾದ್ರೆ ಅವನೇ ಕಳ್ಳ?"

"ಹೊಡೆದರೆ ಯಾರು ಒಪ್ಪಲ್ಲ? ನಾನು ಪೊಲೀಸ್, ನನಗೆ ಗೊತ್ತಿಲ್ವಾ?"

ಅವರ ದನಿಯಲ್ಲಿ ಸಿಟ್ಟಿತ್ತು. ಮೂರು ಸಾವಿರ ವರ್ಷದ ಹಿಂದಿನ ರೈತನಿಗಾಗಿ ಶ್ರೀರಾಂಪುರದ ರಸ್ತೆಯಲ್ಲಿ ಒಬ್ಬ ಪೊಲೀಸು ಹಲ್ಲು ಕಚ್ಚುತ್ತಿದ್ದ. ನನಗೂ ಅಷ್ಟೇ ಸಿಟ್ಟು ಬಂದಿತ್ತು. ದೇವರು ಮರೆಯಲ್ಲಿರಲಿ, ಬೇಡ ಅಂದವರಾರು? ಅವನ ಮರೆಯಲ್ಲಿ ನಿಂತು ಒಂಟಿ ಹೆಂಗಸಿನ ಕುತ್ತಿಗೆಗೆ ಕೈ ಹಾಕುವ ಈ ಗಂಡಸರಿಗೆ ನಾಚಿಕೆ ಬೇಡವೇ?

"ರೂಪ ಯಾರಿಗೂ ಗೊತ್ತಿಲ್ಲ..." ಹನುಮಂತಯ್ಯ ತಮ್ಮಷ್ಟಕ್ಕೆ ಅಂದುಕೊಂಡರು. ತಟ್ಟನೆ ಬ್ರೇಕ್ ಒತ್ತಿದರು. ಜೀಪು ಹಿಂದಕ್ಕೆ ತಿರುಗಿತು.

* * *

ಗುಡಿಸಲಿನ ಮುಂದೆ, ಗಳಕ್ಕೆ ಕಟ್ಟಿದ ಮುಸುಕಪ್ಪನ ಸುತ್ತ, ಹಟ್ಟಿಯೆಲ್ಲ ಸೇರಿತು. ಹನುಮಂತಯ್ಯ ಒಬ್ಬೊಬ್ಬರನ್ನೇ ಕೇಳಿದರು.

"ಈ ಕಳುವಿಗೆ ಮುಂಚೆ ಮುಸುಕಿನ ಒಳಗೆ ಏನಿದೆ ಅಂದ್ಕೊಂಡಿದ್ರಿ?"

"ಕಲ್ಲು ಇರ್ಬೇಕು ಅಂದ್ಕಂಡಿದ್ದೆ ಸಾರ್," ಎಂದ ಪಾಪಣ್ಣ.

"ಕತ್ತಿ ಅಂತಿದ್ರು ನಮ್ಮಜ್ಜಿ," ಎಂದಳು ಯಲ್ಲಕ್ಕ ಎಂಬ ಮುದುಕಿ.

"ಅದನ್ನೆಲ್ಲ ಕೇಳಬ್ಯಾಡ್ರಿ ಸಾರ್, ನಮಗೆ ಒಳ್ಳೇದಾಗಲ್ಲ," ಎಂದರು ಉಳಿದವರು.

"ಬಣವೆಯಲ್ಲಿ ಸಿಕ್ಕ ಗಂಟನ್ನ ಯಾರಾದ್ರೂ ಬಿಚ್ಚಿ ನೋಡಿದ್ರಾ?"

ಯಾರೂ ಇಲ್ಲ.

"ನಿಂಗಪ್ಪ, ಗಂಟು ಕೈಗೆ ಬಂದ ತಕ್ಷಣ ನೀನು ಏನಂತ ಕೂಗಿದೆ?"

ನಿಂಗಪ್ಪ ಹೆಗಲ ಮೇಲಿನ ಟವೆಲು ಕೊಡವಿದ.

"ದೇವ್ರ ಕಣ್ಣು ಸಿಕ್ಕಿದ್ವು ಅಂದ್ಯಲ್ಲ ನಿಂಗಪ್ಪ," ಎಂದ ಪಾಪಣ್ಣ. ಹೇಳುತ್ತಲೇ ಅವನ ಮುಖ ಬದಲಾಯಿತು.

"ಕಣ್ಣು ಅಂತ ನಿನಗೆ ಯಾರು ಹೇಳಿದ್ರು?"

"ಎಲ್ರಿಗೂ ಗೊತ್ತಿರೋದೇ ಸಾರ್!"

"ಈಗ ತಾನೇ ಕೇಳಿದೆನಲ್ಲ. ಒಬ್ಬರಿಗೂ ಗೊತ್ತಿಲ್ಲ."

ಹನುಮಂತಯ್ಯ ಪೂಜಾರಿಯ ಕಡೆ ತಿರುಗಿದರು. "ಪಾಲಯ್ಯ, ಒಳಗೇನಿದೆ ಅಂತ ನಾನು ಕೇಳಲ್ಲ. ನಿನ್ನ ಆಣೆ ನಿನಗಿರಲಿ. ಇವನು ಅಂದಿದ್ದು ತಪ್ಪಾ?"

ಪಾಲಯ್ಯ ಕೈ ಮುಗಿದ. "ತಪ್ಪಾಗಿದ್ರೆ ನಾನು ನಕ್ಕು ಬಿಡ್ತಿದ್ದೆ ಸಾರ್. ಆವಾಗ ಕಿವಿ ಮೇಲೇ ಹಾಕ್ಕಳ್ಲಿಲ್ಲ. ಸಾಮಾನು ಸಿಕ್ತಲ್ಲ ಅಂತ ಅಷ್ಟೇ ನೋಡ್ದೆ."

"ಪೂಜಾರಿ ಬಿಟ್ಟರೆ ಒಳಗಿನದನ್ನ ನೋಡಿರಬಹುದಾದವನು ಬೀಗ ಒಡೆದ ಕಳ್ಳ ಒಬ್ಬನೇ. ನೀನು ಅದನ್ನ ಕದ್ದೆ, ಬಣವೆಯಲ್ಲಿ ಇಟ್ಟೆ. ಹೊತ್ತವರ ತಲೆಯಲ್ಲಿ ಎರಡು ದಿನ ಅವಳ ಹೆಸರು ತುಂಬಿದೆ. ಕಾಲು ಅವರದು, ದಾರಿ ನಿನ್ನದು. ಅಷ್ಟು ಮನೆಗಳ ಹೆಸರು ಕೂಗಿದೆಯಲ್ಲ, ನಿನ್ನ ಮನೆ ಹೆಸರು ಕೂಗಿದ್ಯೇನಪ್ಪ?"

ಕೂಗಿರಲಿಲ್ಲ. ಅದು ಯಾರಿಗೂ ಹೊಳೆದೂ ಇರಲಿಲ್ಲ.

ನಿಂಗಪ್ಪ ತಲೆ ತಗ್ಗಿಸಿದ. "ನಮ್ಮಪ್ಪನ ಹೊಲ ಸಾರ್ ಅದು. ನೀರು ಬಿದ್ದಿದ್ದು ನಮ್ಮಪ್ಪನ ಹೊಲದಾಗೆ," ಎಂದ. ಒಂದೇಟೂ ಬೀಳದೆ ಬಂದ ಮಾತು ಅದು.

ಅವನನ್ನು ಜೀಪಿಗೆ ಹತ್ತಿಸಿದರು. ಪಾಪಣ್ಣ ಹೋಗಿ ಜುಂಜಮ್ಮನ ಬಾಗಿಲಿನ ಮುಳ್ಳು ಕಿತ್ತ. ಇನ್ನು ಮುಗಿಯಿತು ಅಂದುಕೊಂಡೆ. ಎಲ್ಲಿ! ಹಿರಿಯನೊಬ್ಬ ಗಂಟಲು ಸರಿಮಾಡಿಕೊಂಡ.

"ಆದ್ರೂ ದೇವ್ರು ಅವಳ ಬಾಗ್ಲಿಗೆ ಹೋಗಿ ಬಂದೈತೆ. ಅವಳು ಹಟ್ಯಾಗೆ ಇರಬೋದಾ ಅಂತ ಒಂದ್ ಮಾತು ದೇವ್ರನ್ನೇ ಕೇಳಾಣ."

ಅವನ ಕೊರಳಪಟ್ಟಿ ಹಿಡಿಯೋಣ ಅನ್ನಿಸಿತು. ಅಷ್ಟರಲ್ಲಿ ಜುಂಜಮ್ಮ ಗಳಕ್ಕೂ ಅವನಿಗೂ ನಡುವೆ ಬಂದು ನಿಂತಳು.

"ನನ್ನ ಕೇಳ್ರಿ. ಇಲ್ಲೇ ನಿಂತಿದೀನಿ, ಕಣ್ಣಿಗೆ ಕಾಣ್ತೀನಿ. ಕೇಳೋದೇನಿದ್ರೂ ನನ್ನೇ ಕೇಳ್ರಿ."

ಪಾಲಯ್ಯ ಮುಸುಕಪ್ಪನನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದ. ಜನ ಒಬ್ಬೊಬ್ಬರಾಗಿ ಚದುರಿದರು. ಜುಂಜಮ್ಮ ನಿಂತೇ ಇದ್ದಳು. ಯಾರೂ ಏನೂ ಕೇಳಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ.