ಸೋಸದ ದನಿ

ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಕೇಳಿದಳು: "ಇದ್ಯಾರು?"

"ನೀವೇ."

"ಅಲ್ಲ. ಇದು ನಾನಲ್ಲ."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಫೋನಿನಲ್ಲಿ ಬರುವ ಪ್ರತಿಧ್ವನಿ, ಗದ್ದಲಗಳನ್ನು ಅಳಿಸುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಅದರ ಪರೀಕ್ಷೆಗೆಂದು ಎರಡು ವರ್ಷದಿಂದ ಗಾಜಿನಾಚೆಯ ಕೋಣೆಯಲ್ಲಿ ಕೂತು ವಾಕ್ಯ ಓದುತ್ತಿದ್ದವಳು ಅವಳು. ನಾಳೆ ಅವಳ ಗಂಟಲಿನ ಆಪರೇಷನ್. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು, ಈ ದನಿ ಇನ್ನು ಇರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ತನ್ನ ರೆಕಾರ್ಡಿಂಗುಗಳನ್ನು ತೆಗೆದುಕೊಂಡು ಹೋಗಲು ಬಂದಿದ್ದಳು.

"ಅಕ್ಕನ ಮಗಳಿಗೆ ಇನ್ನೂ ಮೂರು ತಿಂಗಳು," ಅಂದಳು. "ಚಿಕ್ಕಮ್ಮ ಹೇಗೆ ಮಾತಾಡ್ತಿದ್ದಳು ಅಂತ ಅದಕ್ಕೆ ಗೊತ್ತಾಗಬೇಕಲ್ವಾ? ನನ್ನ ಉಸಿರೆಲ್ಲಿ ಸಾರ್? ನಗೋಕೆ ಮುಂಚೆ ಒಂದು ಉಸಿರು ಎಳ್ಕೋತೀನಲ್ಲ, ಅದೆಲ್ಲಿ ಹೋಯ್ತು?"

"ಗದ್ದಲ ಅಂದ್ಕೊಂಡು ಪ್ರೋಗ್ರಾಂ ತೆಗೆದುಬಿಟ್ಟಿದೆ. ಮೂಲ ಫೈಲುಗಳನ್ನ... ಜಾಗ ಸಾಲದು ಅಂತ ನಾನೇ ಅಳಿಸಿದೆ."

"ನೆಗಡಿ ಬಂತು ಅಂತ ಮೂಗನ್ನೇ ಕೊಯ್ದಿದ್ದೀರಿ." ನಗಲು ನೋಡಿದಳು. ಆಗಲಿಲ್ಲ, ಕಣ್ಣು ತುಂಬಿಬಂತು.

ಆ ಒಂದು ಉಸಿರು ಕೇಳಲಿಕ್ಕೆಂದೇ ದಿನಾ ಆಫೀಸಿಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದವನು ನಾನು. ಅದನ್ನು ಕೈಯಾರೆ ಅಳಿಸಿದ್ದಲ್ಲದೆ, ದನಿ ಎಷ್ಟು ಶುದ್ಧವಾಗಿದೆ ಎಂದು ಬಾಸ್ ಹತ್ತಿರ ಶಹಬ್ಬಾಸ್‌ಗಿರಿ ಬೇರೆ ಪಡೆದಿದ್ದೆ. ನಾಚಿಕೆಯಾಯಿತು.

ಗಂಟೆ ನಾಲ್ಕಾಗಿತ್ತು. ಆರಕ್ಕೆ ಅವಳು ಆಸ್ಪತ್ರೆಗೆ ಸೇರಬೇಕು. ಮೈಕ್ ತಂದು ಇಬ್ಬರ ನಡುವೆ ಇಟ್ಟೆ. ಇದ್ದಬದ್ದ ಫಿಲ್ಟರುಗಳನ್ನೆಲ್ಲ ಆಫ್ ಮಾಡಿದೆ.

"ಫ್ಯಾನ್ ಸದ್ದು ಬರುತ್ತೆ," ಅಂದಳು.

"ಬರಲಿ."

"ನಿಮ್ಮ ಕುರ್ಚಿ ಕಿರ್ ಅನ್ನುತ್ತೆ."

"ಅನ್ನಲಿ ಬಿಡಿ."

"ಹುಷಾರಾಗಿದ್ದೀರಿ ತಾನೆ ಸಾರ್?" ಓರೆಗಣ್ಣಲ್ಲಿ ನೋಡಿದಳು. ಮೊದಲು ಉಸಿರು ಬಂತು, ಹಿಂದೆಯೇ ನಗು. ನಾನು ಪರದೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಆಮೇಲೆ ಮೈಕಿನಲ್ಲೇ ಅಕ್ಕನ ಕೂಸಿನ ಜೊತೆ ಮಾತಿಗಿಳಿದಳು. "ನಿಮ್ಮಮ್ಮ ಹೇಳೋದನ್ನೆಲ್ಲ ನಂಬಬೇಡ ಪುಟ್ಟಿ. ಅಜ್ಜಿಯ ಕನ್ನಡಕ ಮುರಿದಿದ್ದು ಅವಳು, ಏಟು ತಿಂದಿದ್ದು ನಾನು." ಒಂದು ಜೋಗುಳ ಅರ್ಧ ಹಾಡಿ, ಮರೆತು, ತಾನೇ ಪದ ಕಟ್ಟಿ ಮುಗಿಸಿದಳು. ಐದೂವರೆಗೆ ದನಿ ಬತ್ತತೊಡಗಿತು.

"ನಾನೂ ಒಂದು ಮಾತು ಹೇಳಬೇಕು," ಅಂದೆ.

"ಮೈಕ್ ಆನ್ ಇದೆ ಸಾರ್."

"ಇರಲಿ. ನನಗೆ ನೀವು ಬೇಕು. ಮಾತಾಡಿದರೂ, ಆಡದಿದ್ದರೂ."

ಅವಳು ಬೆರಳಿನ ಉಗುರು ನೋಡುತ್ತಾ ಕೂತಳು. "ಅಯ್ಯೋ ಪಾಪ ಅಂತ ಹೇಳ್ತಿದ್ದೀರಾ?"

"ಎರಡು ವರ್ಷದಿಂದ ಹೇಳೋಕೆ ಧೈರ್ಯ ಸಾಲದೆ ಸುಮ್ಮನಿದ್ದೆ. ಪಾಪ ನಾನು."

ಅವಳು ಉಗುರಿನಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. ಫ್ಯಾನ್ ತಿರುಗುತ್ತಿತ್ತು. ನಾಳೆಯಿಂದ ಇಲ್ಲದ ಆ ದನಿಯಲ್ಲಿ ಉಳಿದಿದ್ದಿಷ್ಟನ್ನು ಒಟ್ಟುಮಾಡಿಕೊಂಡು, ನನ್ನ ಕೈ ಹಿಡಿದು, ಮೈಕಿನತ್ತ ಬಾಗಿದಳು.

"ಪುಟ್ಟಿ, ಈಗ ಮಾತಾಡಿದರಲ್ಲ, ಅವರು ನಿನ್ನ ಚಿಕ್ಕಪ್ಪ."