ಮುತ್ತಜ್ಜನ ಬೆನ್ನಿನ ಮೇಲಿನ ರಾಜ್ಯ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದಿದ್ದ ಕಾಲದಲ್ಲಿ, ಬೆನ್ನೂರು ಎಂಬ ರಾಜ್ಯವಿತ್ತು. ಅದು ಇದ್ದದ್ದು ನೆಲದ ಮೇಲಲ್ಲ, ಒಂದು ಆಮೆಯ ಬೆನ್ನಿನ ಮೇಲೆ. ನಂಬಲು ಕಷ್ಟವಾದರೆ ಬಿಡಿ, ಅಲ್ಲಿಯ ಮಕ್ಕಳೂ ಮೊದಮೊದಲು ನಂಬುತ್ತಿರಲಿಲ್ಲ. ಅರಮನೆ, ಕೋಟೆ, ಕೆರೆ, ಹೊಲ, ಸಂತೆಬೀದಿ ಎಲ್ಲವೂ ಆ ಚಿಪ್ಪಿನ ಮೇಲೇ. ಆಮೆ ಒಂದು ಹೆಜ್ಜೆ ಇಟ್ಟರೆ ಮನೆಮನೆಯ ಮಜ್ಜಿಗೆ ತುಳುಕುತ್ತಿತ್ತು. ಜನ ಅದನ್ನು ಮುತ್ತಜ್ಜ ಎಂದು ಕರೆಯುತ್ತಿದ್ದರು. ಬೇಸಿಗೆಯಲ್ಲಿ ಬಡಗಣದ ತಂಪು ಕಣಿವೆಗೆ, ಚಳಿಗಾಲದಲ್ಲಿ ತೆಂಕಣದ ಬಯಲಿಗೆ ಮುತ್ತಜ್ಜ ಇಡೀ ಊರನ್ನು ಹೊತ್ತು ನಡೆಯುತ್ತಿದ್ದ.

ದಾರಿ ಹೇಳುವ ಅಧಿಕಾರ ರಾಜನದು. ಮೊದಲ ರಾಜ ಬೆಳಿಗ್ಗೆ ಎದ್ದವನೇ ಹಗ್ಗದ ಏಣಿಯಲ್ಲಿ ಇಳಿದು, ತೆಂಗಿನ ನಾರಿನಿಂದ ಮುತ್ತಜ್ಜನ ಕಣ್ಣಿನ ಪಾಚಿ ಉಜ್ಜಿ, ಕಿವಿ ತೊಳೆದು, ಆಮೇಲೆ ಬಾಯಿ ಬಿಡುತ್ತಿದ್ದ. ಅವನ ಮಗನಿಗೆ ಸೊಂಟನೋವು, ಮಂತ್ರಿಯನ್ನು ಕಳಿಸಿದ. ಮೊಮ್ಮಗನ ಕಾಲಕ್ಕೆ ಮಂತ್ರಿ ಸೇವಕನನ್ನು ಕಳಿಸಿದ, ಸೇವಕ ತನ್ನ ಭಾವಮೈದುನನನ್ನು ಕಳಿಸಿದ, ಭಾವಮೈದುನ ಏಣಿಯ ಅರ್ಧದಲ್ಲೇ ಕೂತು ಎಲೆಅಡಿಕೆ ಮೆದ್ದು ಮೇಲೆ ಬಂದ. ಈಗಿನ ರಾಜ ಕುಮುದಸೇನನ ಕಾಲಕ್ಕೆ ಆ ಏಣಿಯೇ ಇರಲಿಲ್ಲ. ಅವನು ಉಪ್ಪರಿಗೆಯಲ್ಲಿ ನಿಂತು, ನಗಾರಿ ಹೊಡೆಸಿ, "ಮುತ್ತಜ್ಜ, ಬಡಗಣಕ್ಕೆ ನಡೆ!" ಎಂದು ಅಪ್ಪಣೆ ಕೊಡುತ್ತಿದ್ದ. ಮುತ್ತಜ್ಜ ಬಡಗಣಕ್ಕೇ ನಡೆಯುತ್ತಿದ್ದ. ಜನ ಜೈಕಾರ ಹಾಕುತ್ತಿದ್ದರು, ರಾಜ ಮೀಸೆ ತಿರುವುತ್ತಿದ್ದ.

ಪಾಪ, ಅವನಿಗೆ ತಿಳಿದಿರಲಿಲ್ಲ. ರಾಜನ ಮಾತು ಮುತ್ತಜ್ಜನಿಗೆ ಕೇಳಿಸದೆ ಎಷ್ಟೋ ಕಾಲವಾಗಿತ್ತು. ಬೇಸಿಗೆಯಲ್ಲಿ ಬಡಗಣಕ್ಕೆ ಹೋಗುವುದು ಅವನ ರೂಢಿ. ರಾಜ ಬಾಯಿ ಮುಚ್ಚಿಕೊಂಡಿದ್ದರೂ ಹೋಗುತ್ತಿದ್ದ.

ಹೀಗಿರಲು ಒಂದು ದಿನ ಮುತ್ತಜ್ಜ ರೂಢಿಯ ದಾರಿ ಬಿಟ್ಟು ಪಡುವಣಕ್ಕೆ ತಿರುಗಿದ. ಕೋಟೆಯ ಕಾವಲುಗಾರ ಓಡಿ ಬಂದು, "ಪ್ರಭೂ, ಸಮುದ್ರ ಕಾಣುತ್ತಿದೆ!" ಎಂದ. ಮುತ್ತಜ್ಜನ ಮೂಗಿನ ತುದಿಯಲ್ಲಿ ಧೂಮಾಕ್ಷನೆಂಬ ಮಾಂತ್ರಿಕ ಕೂತು ಎಲುಬಿನ ಕೊಳಲು ಊದುತ್ತಿದ್ದ. ಆ ಕೊಳಲಿನಿಂದ ಹೊರಡುತ್ತಿದ್ದುದು ಅಲೆಗಳ ಸದ್ದು, ಮರಿಯನ್ನು ಕರೆಯುವ ತಾಯಿ ಆಮೆಯ ದನಿ.

"ರಾಜಾ, ನಿನ್ನ ಆಮೆ ಈಗ ನನ್ನದು!" ಎಂದು ಅವನು ಗಹಗಹಿಸಿದ. "ಉಪ್ಪುನೀರಲ್ಲಿ ಮುಳುಗಿದ ಕೂಡಲೇ ಇದರ ಹಣೆಯ ಮಣಿ ಕಳಚಿ ನನ್ನ ಕೈಗೆ ಬೀಳುತ್ತದೆ. ನಿನ್ನ ಊರು ಮೀನುಗಳ ಪಾಲು!"

ರಾಜ ಉಪ್ಪರಿಗೆಗೆ ಓಡಿದ. ನಗಾರಿ ಹೊಡೆಸಿ "ನಿಲ್ಲು!" ಎಂದು ಕೂಗಿದ. ಮುತ್ತಜ್ಜ ನಿಲ್ಲಲಿಲ್ಲ. ಮಂತ್ರಿಯ ಕೈಗೆ ರಾಜಮುದ್ರೆಯ ಉಂಗುರ ಕೊಟ್ಟು ಬುಟ್ಟಿಯಲ್ಲಿ ಕೆಳಗಿಳಿಸಿದ. ಮಂತ್ರಿ ಉಂಗುರವನ್ನು ಕಣ್ಣಿನ ಮುಂದೆ ಹಿಡಿದ. ಆದರೆ ಆ ಕಣ್ಣಿನ ಮೇಲೆ ಆಳುದ್ದ ಪಾಚಿ ಬೆಳೆದಿತ್ತು. ಅಂಥ ಕಣ್ಣಿಗೆ ಉಂಗುರವಾದರೇನು, ಬಳೆಯಾದರೇನು! ಮುತ್ತಜ್ಜ ನಿಲ್ಲಲಿಲ್ಲ.

ಮೂರನೆಯದಾಗಿ ರಾಜಕುಮಾರಿ ಸುರಗಿ ಎದ್ದು ನಿಂತಳು. ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಒಂದು ಕೊಡ ನೀರು, ಒಂದು ಹಿಡಿ ತೆಂಗಿನ ನಾರು ಹಿಡಿದು ಬುಟ್ಟಿಯಲ್ಲಿ ಕೂತಳು.

"ಏನಮ್ಮಾ ಇದು? ರಾಜಕುಮಾರಿ ಮಾಡುವ ಕೆಲಸವೇ?" ಎಂದ ರಾಜ.

"ರಾಜ ಮಾಡುತ್ತಿದ್ದ ಕೆಲಸವಂತೆ, ಅಪ್ಪಾಜಿ," ಎಂದಳು ಸುರಗಿ.

ಅವಳು ಪಾಚಿ ಉಜ್ಜತೊಡಗಿದಳು. ಧೂಮಾಕ್ಷ ಬೆಂಕಿಹಕ್ಕಿಗಳನ್ನು ಬಿಟ್ಟ. ಒದ್ದೆ ಪಾಚಿಯನ್ನೇ ಮೈಗೆ ಸುತ್ತಿಕೊಂಡು ಉಜ್ಜಿದಳು. ಬುಟ್ಟಿಯ ಹಗ್ಗವನ್ನು ಹಾವು ಮಾಡಿದ. ಒಂದು ಕೈಯಲ್ಲಿ ಹಾವನ್ನೇ ಹಿಡಿದು ಜೋತಾಡುತ್ತ ಇನ್ನೊಂದರಲ್ಲಿ ಉಜ್ಜಿದಳು. ಕೊನೆಗೆ ಅವನು ಕುಮುದಸೇನನ ರೂಪ ತಾಳಿ, "ಸಾಕು ಮಗಳೇ, ಮೇಲೆ ಬಾ, ಇದು ರಾಜಾಜ್ಞೆ!" ಎಂದ. ಸುರಗಿಯ ಕೈ ಒಂದು ಕ್ಷಣ ನಿಂತಿತು. ಆಮೇಲೆ, "ಅಪ್ಪಾಜಿ ಆಗಿದ್ದರೆ ಇಷ್ಟು ಕೆಳಗೆ ಇಳಿದು ಬರುತ್ತಿರಲಿಲ್ಲ," ಎಂದು ಉಜ್ಜುತ್ತಲೇ ಇದ್ದಳು.

ಕಣ್ಣು ತೆರೆಯಿತು.

ಅಬ್ಬಾ, ಅದೆಂಥ ಕಣ್ಣು! ಕೆರೆಯಷ್ಟು ಅಗಲ, ಜೇನಿನ ಬಣ್ಣ. ಅದರೊಳಗೆ ಹಿಂದಿನ ಮಳೆಗಳೆಲ್ಲ ಸುರಿಯುತ್ತಿದ್ದವು, ಈಗಿಲ್ಲದ ಕಾಡುಗಳು ತೂಗುತ್ತಿದ್ದವು, ಸತ್ತುಹೋದ ನಕ್ಷತ್ರಗಳು ಉರಿಯುತ್ತಿದ್ದವು. ಸುರಗಿಯ ಕಣ್ಣೀರು ತಾನಾಗಿ ಇಳಿಯಿತು.

"ಅಜ್ಜಾ," ಎಂದಳು ಕೊನೆಗೆ, "ಎಲ್ಲಿ ನೋಯುತ್ತಿದೆ?"

ಮಾತು ಕೇಳಿಸದಿದ್ದರೂ ಅವಳ ಮುಖ ನೋಡಿ ಮುತ್ತಜ್ಜನಿಗೆ ಅರ್ಥವಾಯಿತು. ಗುಡ್ಡ ಉರುಳಿದಂಥ ದನಿಯಲ್ಲಿ, "ಕಿವಿ, ಮಗಳೇ. ಕಿವಿಯಲ್ಲಿ ಮರ ಹುಟ್ಟಿದೆ. ಆ ಕೊಳಲು ಬಿಟ್ಟು ಬೇರೇನೂ ಕೇಳಿಸುವುದಿಲ್ಲ," ಎಂದ.

ನಿಜವಾಗಿಯೂ ಕಿವಿಯೊಳಗೆ ಒಂದು ಆಲದ ಮರವಿತ್ತು, ಬಿಳಲು ಸಮೇತ! ಸುರಗಿ ಎಳೆದಳು. ಅದು ಜಪ್ಪಯ್ಯ ಅನ್ನಲಿಲ್ಲ. ಸಮುದ್ರದ ಅಲೆ ಮುತ್ತಜ್ಜನ ಉಗುರು ಮುಟ್ಟಿತು. ಆಗ ಮೇಲಿನಿಂದ ಯಾರೋ ಜಾರುತ್ತ, ಏದುಸಿರು ಬಿಡುತ್ತ ಇಳಿದು ಬಂದರು. ಕಿರೀಟವಿಲ್ಲ, ಅಂಗೈಯೆಲ್ಲ ತರಚಿದೆ. ಈ ಬಾರಿ ಅದು ನಿಜವಾದ ಕುಮುದಸೇನನೇ. ತಂದೆಮಗಳು ಹಲ್ಲು ಕಚ್ಚಿ ಎಳೆದರು. ಬೇರು ಕಿತ್ತು ಬಂತು.

ಊರಿನ ಕೂಗು ಕಿವಿಗೆ ಬಿದ್ದು ಮುತ್ತಜ್ಜ ತಟ್ಟನೆ ನಿಂತ. "ಇದೇನಿದು, ಮೂಗಿನ ಮೇಲೆ ನೊಣ?" ಎಂದು ಒಂದು ಸೀನು ಸೀನಿದ. ಧೂಮಾಕ್ಷ ಕೊಳಲಿನ ಸಮೇತ ಹಾರಿ ನಡುಗಡಲಲ್ಲಿ ಬಿದ್ದು, ಹೊಗೆಯಾಗಿ ಕರಗಿಹೋದ. ಬೆಂಕಿಹಕ್ಕಿಗಳು ಗುಬ್ಬಿಗಳಾಗಿ ಅರಮನೆಯ ಸೂರು ಸೇರಿದವು.

"ಮುತ್ತಜ್ಜ, ಇನ್ನು ಹಿಂದಕ್ಕೆ ನಡೆ!" ಎಂದ ರಾಜ.

ಮುತ್ತಜ್ಜ ಅಲ್ಲಾಡಲಿಲ್ಲ. "ಒಂದು ದನಿಯನ್ನು ನಂಬಿ ನಿಮ್ಮನ್ನೆಲ್ಲ ಮುಳುಗಿಸಲು ಹೊರಟಿದ್ದೆನಪ್ಪ. ಇನ್ನು ಪರಿಚಯವಿಲ್ಲದ ದನಿಗೆ ನಾನು ಕಾಲೆತ್ತುವುದಿಲ್ಲ," ಎಂದು ಒದ್ದೆ ಮರಳಿನಲ್ಲೇ ಮಲಗಿಬಿಟ್ಟ.

ಊರಿಗೆ ಊರೇ ಹೆದರಿತು. ಮಳೆಗಾಲದಲ್ಲಿ ಸಮುದ್ರ ಉಕ್ಕಿದರೆ ಯಾರೂ ಉಳಿಯುವಂತಿರಲಿಲ್ಲ. ರಾಜ ಸಿಟ್ಟಾಗಲಿಲ್ಲ, ನಾಚಿಕೆಯಿಂದ ತಲೆ ತಗ್ಗಿಸಿದ. ಮರುದಿನ ಏಣಿ ಹೆಣೆಸಿದ. ದಿನವೂ ಇಳಿದ, ಮಗಳೊಂದಿಗೆ ಪಾಚಿ ಉಜ್ಜಿದ, ಕಿವಿ ತೊಳೆದ. ಮೊದಮೊದಲು ಏನು ಮಾತಾಡಬೇಕೆಂದೇ ತಿಳಿಯಲಿಲ್ಲ. ಬರಬರುತ್ತ ಸಂತೆಬೀದಿಯ ಜಗಳ, ತನ್ನ ಮಂಡಿನೋವು, ತೀರಿಹೋದ ರಾಣಿಯ ನೆನಪು ಎಲ್ಲ ಹೇಳಿಕೊಂಡ. ಮುತ್ತಜ್ಜ ಕೇಳಿಸಿಕೊಳ್ಳುತ್ತಿದ್ದ, ಒಮ್ಮೊಮ್ಮೆ ಹೂಂಗುಡುತ್ತಿದ್ದ. ನಡೆಯೆಂದು ಮಾತ್ರ ರಾಜ ಮತ್ತೆ ಹೇಳಲಿಲ್ಲ.

ಒಂದು ಬೆಳಿಗ್ಗೆ ಸಮುದ್ರದ ಮೇಲೆ ಕಪ್ಪು ಮೋಡ ಕವಿಯಿತು. ಅಲೆಗಳು ಮುತ್ತಜ್ಜನ ಗದ್ದದವರೆಗೆ ಬಂದವು. ಮೇಲೆ ಜನ ಮಕ್ಕಳನ್ನು ಅಪ್ಪಿಕೊಂಡು ಅಳುತ್ತಿದ್ದರು. ಕುಮುದಸೇನ ಬಾಯಿ ತೆರೆದ, ಮುಚ್ಚಿದ, ನಾರು ಹಿಡಿದು ಸುಮ್ಮನೆ ಉಜ್ಜಿದ.

"ಕುಮುದಾ," ಎಂದ ಮುತ್ತಜ್ಜ, "ಕೈ ನಡುಗುತ್ತಿದೆಯಲ್ಲೋ. ಭಯವೇ?"

"ಹೌದು ಅಜ್ಜಾ, ತುಂಬ ಭಯ."

"ಮತ್ತೆ ನನಗೆ ಹೇಳಬಾರದೇನೋ, ಹುಚ್ಚಪ್ಪಾ!"

ಹಾಗೆಂದು ಮುತ್ತಜ್ಜ ಎದ್ದ. ಅವನ ಚಿಪ್ಪಿನಿಂದ ಮರಳು ಜಲಪಾತಗಳಾಗಿ ಸುರಿಯಿತು, ಮೋಡಗಳು ಕೋಟೆಗೆ ತಾಗಿ ಎರಡಾಗಿ ಸೀಳಿಹೋದವು. ಊರಿನ ಮನೆಮನೆಯಲ್ಲೂ ಮಜ್ಜಿಗೆ ತುಳುಕಿತು, ಆ ದಿನ ಯಾರೂ ಬೈಯಲಿಲ್ಲ. ಕಿವಿಯ ಪಕ್ಕದಲ್ಲಿ ತಂದೆಮಗಳನ್ನು ಕೂರಿಸಿಕೊಂಡು ಮುತ್ತಜ್ಜ ಬೆಟ್ಟಗಳ ಕಡೆಗೆ ಹೆಜ್ಜೆ ಹಾಕಿದ. ಅವರೆಲ್ಲ ಅಲ್ಲಿ ಬಹುಕಾಲ ಸುಖವಾಗಿ ಬಾಳಿದರು, ನಾವು ಇಲ್ಲಿ ಗಟ್ಟಿ ನೆಲದ ಮೇಲೆ ಕೂತು ಅವರ ಕತೆ ಹೇಳಿಕೊಂಡೆವು.